ಹಾಡಿನ ಸಂಗ್ರಹ: ಕಾಳೋ, ಹಿಟ್ಟೋ?

ಹಿಂದೆ ಸಂಗೀತವನ್ನು ಸಂಗ್ರಹಿಸುವವರಿಗೆ ಗ್ರಾಮಫೋನ್ ತಟ್ಟೆಗಳನ್ನಿಡಲು ದೊಡ್ಡ ಕಪಾಟೇ ಬೇಕಾಗುತ್ತಿತ್ತು. ಇಂದು ಉಗುರಿನಷ್ಟಗಲದ ಕಾರ್ಡಿನಲ್ಲಿ ಸಾವಿರಾರು ಹಾಡುಗಳು ಅಡಗುತ್ತವೆ. ಆದರೆ ಅವುಗಳನ್ನು ಯಾವ ರೂಪದಲ್ಲಿ ಇಡಬೇಕೆಂಬುದು ವಿಚಾರಾರ್ಹವಾದ ಪ್ರಶ್ನೆ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಓದಿ ತಿಳಿದುಕೊಂಡಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ನಾದವು ಅಂಕೆಯಾಗುವ ಬಗೆಯನ್ನು ನೋಡೋಣ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿದರೆ ಒಂದು ನಿಮಿಷದ ಹಾಡಿಗೆ ಸುಮಾರು ಹತ್ತೂವರೆ ಎಂ.ಬಿ. ಸ್ಥಳ ಬೇಕು. ಈ ಹೊರೆಯನ್ನು ಇಳಿಸಲು ಎರಡು ಮಾರ್ಗಗಳಿವೆ.

ಮೊದಲನೆಯದು ನಷ್ಟವಿಲ್ಲದ ಮಾರ್ಗ. 2001ರಲ್ಲಿ ಹೊರಬಂದ ಫ್ಲ್ಯಾಕ್ ಎಂಬುದು ಇದಕ್ಕೆ ಒಳ್ಳೆಯ ನಿದರ್ಶನ. ಹಿಂದಿನ ಅಳತೆಗಳಿಂದ ಮುಂದಿನದನ್ನು ಊಹಿಸಿ, ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುವುದೇ ಇದರ ಗುಟ್ಟು. ಇದರಿಂದ ಗಾತ್ರವು ಸಾಮಾನ್ಯವಾಗಿ ಮೂಲದ ಅರ್ಧಕ್ಕೋ ಮುಕ್ಕಾಲಿಗೋ ಇಳಿಯುತ್ತದೆ. ಮಡಿಸಿಟ್ಟ ಸೀರೆಯನ್ನು ಬಿಡಿಸಿದಂತೆ, ಬೇಕಾದಾಗ ಮೂಲದ ಒಂದೊಂದು ಅಂಕೆಯೂ ಮರಳಿ ದೊರೆಯುತ್ತದೆ.

ಎರಡನೆಯದು ನಷ್ಟದ ಮಾರ್ಗ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಬಹುಮಟ್ಟಿಗೆ ರೂಪಿಸಿದ, 1995ರಲ್ಲಿ ಹೆಸರು ಪಡೆದ ಎಂ.ಪಿ.3 ಈ ಬಗೆಯದು. ಜೋರಾದ ಧ್ವನಿಯೊಂದು ತನ್ನ ನೆರೆಯ ಕ್ಷೀಣಧ್ವನಿಯನ್ನು ಮರೆಮಾಡುತ್ತದೆ ಎಂಬುದು ನಮ್ಮ ಕಿವಿಯ ಸ್ವಭಾವ. ಹೀಗೆ ಕೇಳಿಸದೆಂದು ಎಣಿಸಿದ ಭಾಗವನ್ನು ಎಂ.ಪಿ.3 ಸ್ಥೂಲವಾಗಿ ಬರೆಯುತ್ತದೆ, ಇಲ್ಲವೆ ಬಿಟ್ಟೇಬಿಡುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಮಟ್ಟದಲ್ಲಿ ಗಾತ್ರವು ಮೂಲದ ಹನ್ನೊಂದರಲ್ಲಿ ಒಂದು ಪಾಲಾಗುತ್ತದೆ!

ಹಾಗಾದರೆ ನಷ್ಟದ ಮಾರ್ಗವು ತ್ಯಾಜ್ಯವೇ? ಎಂದಿಗೂ ಅಲ್ಲ. 256 ಅಥವಾ 320 ಕಿಲೋಬಿಟ್‌ಗಳ ಎಂ.ಪಿ.3ಕ್ಕೂ ಮೂಲಕ್ಕೂ ಇರುವ ಅಂತರವನ್ನು ಬಸ್ಸಿನಲ್ಲಿ ಕುಳಿತು ಕೇಳುವ ನಮ್ಮಂಥವರು ಗುರುತಿಸುವುದು ದುಸ್ತರ. ತೀರ ಕಡಿಮೆ ಮಟ್ಟಕ್ಕೆ ಇಳಿಸಿದಾಗ ಮಾತ್ರ ತಾಳದ ಪೆಟ್ಟಿನಂಥ ಚುರುಕಾದ ಧ್ವನಿಗಳು ಕದಡಿ ಕೇಳಿಸುತ್ತವೆ. ಆದುದರಿಂದ ದಿನಬಳಕೆಗೆ ಎಂ.ಪಿ.3 ಸಾಕು. ಅಂಗಡಿಯಲ್ಲಿ ಮತ್ತೆ ದೊರೆಯುವ ಚಲನಚಿತ್ರಗೀತೆಗೆ ಚಿಂತೆ ಬೇಡ.

ಮತ್ತೆ ದೊರೆಯದ ಹಾಡುಗಳ ಮಾತು ಬೇರೆ. ನಮ್ಮಜ್ಜಿಗೆ ಅಕ್ಷರ ಬಾರದು. ಅವರು ಹಾಡುವ ಬೀಸುವ ಪದಗಳನ್ನೂ ಸೋಬಾನೆಗಳನ್ನೂ ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿಲ್ಲ. ಅವರ ಉಸಿರಿನ ಎಳೆತ, ಪದದ ನಡುವಿನ ಬಿಡುವು, ಬೀಸುವ ಕಲ್ಲಿನ ಗುರುಗುಟ್ಟುವಿಕೆ ಇವುಗಳಲ್ಲಿ ಯಾವುದು ಬೇಡವೆಂದು ಇಂದೇ ತೀರ್ಮಾನಿಸಲು ನಾವು ಯಾರು? ಮುಂದೆ ಅದನ್ನು ಶುದ್ಧಗೊಳಿಸುವವರಿಗೂ ಅಭ್ಯಾಸಮಾಡುವವರಿಗೂ ಪೂರ್ಣರೂಪವೇ ಬೇಕಾದೀತು. ಒಮ್ಮೆ ಎಂ.ಪಿ.3 ಆದದ್ದನ್ನು ಫ್ಲ್ಯಾಕ್‌ಗೆ ಬದಲಾಯಿಸಿದರೆ ಗಾತ್ರ ಬೆಳೆಯುವುದೇ ಹೊರತು ಹೋದದ್ದು ಬಾರದು. ಬೀಸಿದ ಹಿಟ್ಟು ಮತ್ತೆ ಕಾಳಾದೀತೆ?

ಆದಕಾರಣ ಹಳ್ಳಿಗಳಿಂದ ಬಂದಿರುವ ನನ್ನ ಸಹಪಾಠಿಗಳಲ್ಲಿ ಒಂದು ವಿಜ್ಞಾಪನೆ. ಹಿರಿಯರ ಹಾಡನ್ನು ಮುದ್ರಿಸುವ ಮುನ್ನ ಫೋನಿನ ಧ್ವನಿಮುದ್ರಕವು ಯಾವ ರೂಪದಲ್ಲಿ ಬರೆಯುತ್ತದೆಂದು ನೋಡಿರಿ. ಅನೇಕ ಫೋನುಗಳು ತಾವಾಗಿಯೇ ನಷ್ಟದ ರೂಪವನ್ನು ಆರಿಸಿಕೊಂಡಿರುತ್ತವೆ. ವೇವ್ ಅಥವಾ ಫ್ಲ್ಯಾಕ್ ಇದ್ದರೆ ಅದನ್ನೇ ಆರಿಸಿರಿ. ಅದು ಇಲ್ಲದಿದ್ದರೆ ಬಂದ ಮೂಲವನ್ನು ಹಾಗೆಯೇ ಕಾಪಾಡಿರಿ; ಮತ್ತೆ ಮತ್ತೆ ಬದಲಾಯಿಸಿದಂತೆಲ್ಲ ನಷ್ಟ ಹೆಚ್ಚುತ್ತದೆ. ಹತ್ತು ಗಂಟೆಗಳ ಹಾಡು ಡಿಸ್ಕಿನ ಪೂರ್ಣರೂಪದಲ್ಲಿದ್ದರೂ ಸುಮಾರು 6.4 ಜಿ.ಬಿ. ಮಾತ್ರ, 16 ಜಿ.ಬಿ.ಯ ಕಾರ್ಡಿನಲ್ಲಿ ಅರ್ಧವೂ ತುಂಬದು. ಮೂಲದ ಎರಡು ಪ್ರತಿಗಳನ್ನು ಎರಡು ಕಡೆ ಇಟ್ಟು, ಕೇಳುವುದಕ್ಕೂ ಹಂಚುವುದಕ್ಕೂ ಎಂ.ಪಿ.3 ಮಾಡಿಕೊಳ್ಳಿರಿ.

ಬಿತ್ತನೆಯ ಕಾಳನ್ನು ಬೇರೆಯಾಗಿ ತೆಗೆದಿಟ್ಟು, ಉಳಿದುದನ್ನು ಬೀಸುವುದು ರೈತನ ವಿವೇಕ. ಸಂಗೀತವನ್ನು ಕೂಡಿಡುವವನಿಗೂ ಅದೇ ವಿವೇಕವಿರಲಿ.