ಒಂದು ಪ್ರಿಂಟರ್, ಮೂರು ಕಂಪ್ಯೂಟರ್, ನಡುವೆ ಒಂದು ಸ್ವಿಚ್ಚು



ದಸರಾ ರಜೆಯಲ್ಲಿ ನಾನು ಬೆಂಗಳೂರಿನ ಮೂಡಲಪಾಳ್ಯದ ಮಾವನ ಮನೆಗೆ ಹೋಗಿದ್ದೆ. ಮೂಡಲ ಅಂದರೆ ಪೂರ್ವ. ಆದರೆ ಮೂಡಲಪಾಳ್ಯ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರ ಮತ್ತು ನಾಗರಬಾವಿಯ ಹತ್ತಿರ! ಯಾಕೆ ಹೀಗೆ ಅಂತ ಅತ್ತೆಯನ್ನು ಕೇಳಿದರೆ, "ಯಾವುದೋ ಊರಿಗೆ ಅದು ಮೂಡಲಾಗಿರಬೇಕು ಬಿಡೋ" ಅಂತ ನಕ್ಕುಬಿಟ್ಟರು.

ಮಾವನದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅಲ್ಲಿ ಮೂರು ಕಂಪ್ಯೂಟರ್ ಇವೆ. ಪ್ರಿಂಟರ್ ಮಾತ್ರ ಒಂದೇ. ಮೂರರಿಂದಲೂ ಅದೇ ಪ್ರಿಂಟರಿಗೆ ಹೇಗೆ ಹೋಗುತ್ತದೆ ಎಂದು ನನಗೆ ಆಶ್ಚರ್ಯವಾಯಿತು. ಮಾವ ಒಂದು ಚಿಕ್ಕ ಪೆಟ್ಟಿಗೆ ತೋರಿಸಿದರು. ಅದರ ಮೇಲೆ ಒಂದು ಗುಂಡಿ, ಸಾಲಾಗಿ ಚಿಕ್ಕ ದೀಪಗಳು. ಅದೇ ಸ್ವಿಚ್ಚು. ಅದರ ವಿಷಯವನ್ನು ಈ ಸಲದ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಇದನ್ನು ಕಲಿಯುವಾಗ ನಾನು ಒಂದು ತಪ್ಪೂ ಮಾಡಿದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಸ್ವಿಚ್ಚು ಯಾಕೆ ಬೇಕು?

ನಮ್ಮೂರಿನಲ್ಲಿ ಒಂದು ಬೋರ್‌ವೆಲ್ಲಿನಿಂದ ಮೂರು ತೋಟಕ್ಕೆ ನೀರು ಬಿಡುವುದನ್ನು ನೀವು ನೋಡಿದ್ದೀರಿ. ಮೂರು ಪೈಪಿಗೂ ಗೇಟ್ ವಾಲ್ವ್ ಇರುತ್ತದೆ. ಯಾರ ಸರದಿಯೋ ಅವರ ವಾಲ್ವ್ ತೆಗೆಯುತ್ತಾರೆ. ಪ್ರಿಂಟರ್ ಸ್ವಿಚ್ಚೂ ಹಾಗೆಯೇ. ಆದರೆ ಒಂದು ವ್ಯತ್ಯಾಸ ಇದೆ. ಎರಡು ವಾಲ್ವ್ ಒಟ್ಟಿಗೆ ತೆಗೆದರೆ ನೀರು ಕಡಿಮೆ ಬರಬಹುದು, ಕೆಡುವುದಿಲ್ಲ. ಎರಡು ಕಂಪ್ಯೂಟರಿನ ಅಕ್ಷರಗಳು ಒಟ್ಟಿಗೆ ಬಂದರೆ ಎರಡೂ ಕೆಟ್ಟುಹೋಗುತ್ತವೆ. ಆದ್ದರಿಂದ ಸ್ವಿಚ್ಚು ಒಂದು ಸಲಕ್ಕೆ ಒಂದು ಕಂಪ್ಯೂಟರಿಗೆ ಮಾತ್ರ ದಾರಿ ಬಿಡುತ್ತದೆ.

ಹಳೆಯ ಕಾಲದ ಪೆಟ್ಟಿಗೆ

ಮಾವ ಅಟ್ಟದ ಮೇಲಿನಿಂದ ಒಂದು ಹಳೆಯ ತಗಡಿನ ಪೆಟ್ಟಿಗೆ ಇಳಿಸಿದರು. ಮುಂದೆ ರೇಡಿಯೋಗೆ ಇರುವಂಥ ತಿರುಗಿಸುವ ನಾಬ್. ಅದರ ಸುತ್ತ ಎ, ಬಿ, ಸಿ, ಡಿ ಎಂದು ನಾಲ್ಕು ಗುರುತು. ಹಿಂದೆ ಐದು ಉದ್ದನೆಯ ಸಾಕೆಟ್. ನಾಲ್ಕು ಕಂಪ್ಯೂಟರುಗಳಿಗೆ, ಒಂದು ಪ್ರಿಂಟರಿಗೆ. ಒಂದೊಂದು ಸಾಕೆಟ್ಟಿನಲ್ಲಿ 25 ತೂತು. ನಾನು ಎಣಿಸಿ ನೋಡಿದೆ. 1990ರ ದಶಕದಲ್ಲಿ ಡಿ.ಟಿ.ಪಿ. ಅಂಗಡಿಗಳಲ್ಲಿ ಇಂಥವು ಇರುತ್ತಿದ್ದವಂತೆ.

ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಬರೀ ಬಣ್ಣಬಣ್ಣದ ತಂತಿ. ನಾಬ್ ತಿರುಗಿಸಿದರೆ ಪ್ರಿಂಟರಿನ ತಂತಿಗಳೆಲ್ಲ ಒಟ್ಟಿಗೆ ಎ ಬಿಟ್ಟು ಬಿ ಗೆ ಸೇರುತ್ತವೆ. ಅಷ್ಟೇ! ಅದಕ್ಕೆ ಕರೆಂಟೂ ಬೇಡ.

25 ತಂತಿ ಯಾಕೆ? ಈ ವಿಧಾನದ ಹೆಸರು ಪ್ಯಾರಲಲ್ ಪೋರ್ಟ್. ಇದರಲ್ಲಿ 8 ತಂತಿಗಳು ಅಕ್ಷರವನ್ನು ಒಯ್ಯುತ್ತವೆ. 8 ಬಲ್ಬುಗಳ ಸಾಲು ಎಂದುಕೊಳ್ಳಿ. ಹತ್ತಿದರೆ 1, ಆರಿದರೆ 0. ಇಂಗ್ಲಿಷಿನ ದೊಡ್ಡ ಎ ಅಕ್ಷರದ ಸಂಖ್ಯೆ 65. ಅದು 01000001 ಎಂದು ಒಂದೇ ಸಲಕ್ಕೆ 8 ತಂತಿಗಳಲ್ಲಿ ಹೋಗುತ್ತದೆ. ಉಳಿದ ತಂತಿಗಳಲ್ಲಿ ಮಾತುಕತೆ ನಡೆಯುತ್ತದೆ:

1. "ಅಕ್ಷರ ಇಟ್ಟಿದ್ದೇನೆ, ತಗೋ" ಎಂದು ಕಂಪ್ಯೂಟರ್ ಹೇಳುವ ತಂತಿ.
2. "ತಗೊಂಡೆ" ಎಂದು ಪ್ರಿಂಟರ್ ಹೇಳುವ ತಂತಿ.
3. "ತಾಳು, ಕೆಲಸದಲ್ಲಿದ್ದೇನೆ" ಎನ್ನುವ ತಂತಿ.
4. "ಕಾಗದ ಮುಗಿಯಿತು" ಎನ್ನುವ ತಂತಿ.

ಇವಲ್ಲದೆ 18ರಿಂದ 25ರವರೆಗಿನವು ಭೂಮಿ ತಂತಿಗಳು, ಅಂದರೆ ಗ್ರೌಂಡ್.

ಕನ್ನಡ ಅಕ್ಷರ ಹೇಗೆ ಹೋಗುತ್ತದೆ ಅಂತ ನಾನು ಕೇಳಿದೆ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ತಲೆಯಲ್ಲಿ 9 ಅಥವಾ 24 ಸೂಜಿಗಳಿರುತ್ತವೆ. ಕಂಪ್ಯೂಟರ್ ನಮ್ಮ ಅಕ್ಷರವನ್ನು ಚುಕ್ಕಿಗಳ ಚಿತ್ರ ಮಾಡಿ ಕಳಿಸುತ್ತದೆ, ಸೂಜಿಗಳು ರಂಗೋಲಿ ಚುಕ್ಕಿಯಂತೆ ಒತ್ತುತ್ತವೆ. ಮಾವ ಟೈಪ್ ಮಾಡುವುದು 'ನುಡಿ'ಯಲ್ಲಿ. ಅದನ್ನು ತಯಾರಿಸಿದ್ದು ಕನ್ನಡ ಗಣಕ ಪರಿಷತ್ತು. ಅದರ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು.

ಈಗಿನ ಪೆಟ್ಟಿಗೆ

1996ರಲ್ಲಿ ಯು.ಎಸ್.ಬಿ. ಬಂತು. ಆಮೇಲೆ ನಿಧಾನವಾಗಿ ದಪ್ಪ ಕೇಬಲ್ ಮೂಲೆ ಸೇರಿತು. ಮಾವನ ಸ್ವಿಚ್ಚು ಯು.ಎಸ್.ಬಿ. 2.0. ಅದರ ಕೇಬಲ್ಲಿನಲ್ಲಿ ನಾಲ್ಕೇ ತಂತಿ. ಎರಡು ಕರೆಂಟಿಗೆ, ಎರಡು ಸುದ್ದಿಗೆ. ಇಲ್ಲಿ 0, 1 ಗಳು ಪ್ರಾರ್ಥನೆ ಮುಗಿಸಿ ತರಗತಿಗೆ ಹೋಗುವ ನಮ್ಮ ಹಾಗೆ ಒಂದರ ಹಿಂದೆ ಒಂದು ಹೋಗುತ್ತವೆ. ಆದರೂ ಹಳೆಯದಕ್ಕಿಂತ ಬಹಳ ಬೇಗ ಹೋಗುತ್ತವೆ.

ಹಬ್ ಎನ್ನುವುದು ಬೇರೆ, ಸ್ವಿಚ್ಚು ಬೇರೆ. ಒಂದು ಕಂಪ್ಯೂಟರಿಗೆ ಹಲವು ಸಾಮಾನು ಜೋಡಿಸಲು ಹಬ್. ಹಲವು ಕಂಪ್ಯೂಟರಿಗೆ ಒಂದು ಸಾಮಾನು ಜೋಡಿಸಲು ಸ್ವಿಚ್ಚು. ಯು.ಎಸ್.ಬಿ. ಕೇಬಲ್ಲಿನಲ್ಲಿರುವ ಪ್ರಿಂಟರಿಗೆ ಒಂದು ಹೊತ್ತಿನಲ್ಲಿ ಒಬ್ಬನೇ ಯಜಮಾನ. ಗುಂಡಿ ಒತ್ತಿದರೆ ಒಂದು ಕಂಪ್ಯೂಟರಿನಿಂದ ಕೇಬಲ್ ಕಿತ್ತು ಇನ್ನೊಂದಕ್ಕೆ ಚುಚ್ಚಿದ ಹಾಗೆ. ಈ ಮಾತನ್ನು ಮಾವ ಎರಡು ಸಲ ಹೇಳಿದ್ದರು. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ನಾನು ಮಾಡಿದ ತಪ್ಪು

ಒಂದು ಮಧ್ಯಾಹ್ನ ಒಬ್ಬ ಅಣ್ಣ ಕೆಲಸದ ಅರ್ಜಿ ಪ್ರಿಂಟ್ ಮಾಡಿಸಲು ಬಂದರು. ಸಾಯಂಕಾಲ ಐದು ಗಂಟೆಯೊಳಗೆ ಕೊಡಬೇಕಿತ್ತು. ಒಟ್ಟು 6 ಹಾಳೆ. ಮಾವ 1ನೇ ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟು, "ಬಂದ ಮೇಲೆ ಪಿನ್ ಹೊಡೆದು ಕೊಡೋ" ಅಂತ ಹೇಳಿ ಜೆರಾಕ್ಸ್ ಕಡೆ ಹೋದರು. ನಾನು 3ನೇ ಕಂಪ್ಯೂಟರಿನಲ್ಲಿ ಒಂದು ನವಿಲಿನ ಚಿತ್ರ ಬರೆದಿದ್ದೆ. ಮೂರು ಹಾಳೆ ಬಂದು ಪ್ರಿಂಟರ್ ಒಂದು ಕ್ಷಣ ನಿಂತಿತು. ಮುಗಿಯಿತು ಅಂದುಕೊಂಡು ಗುಂಡಿ ಒತ್ತಿ 3ಕ್ಕೆ ಹಾಕಿ, ನನ್ನ ಚಿತ್ರ ಕೊಟ್ಟೆ. ಅಷ್ಟರಲ್ಲಿ ಆ ಅಣ್ಣ "ಬೇಗ ಕೊಡಪ್ಪ, ಬಸ್ಸಿಗೆ ಹೊತ್ತಾಯ್ತು" ಅಂದರು. ನಾನು ಎಣಿಸಲಿಲ್ಲ. ಬಂದಿದ್ದನ್ನೆಲ್ಲ ಸೇರಿಸಿ ಪಿನ್ ಹೊಡೆದು ಕೊಟ್ಟೆ. ಆರು ಹಾಳೆಯ ದುಡ್ಡು ತೆಗೆದುಕೊಂಡೆ.

ಸ್ವಲ್ಪ ಹೊತ್ತಿಗೆ ಮಾವ ಬಂದು ಸ್ವಿಚ್ಚನ್ನು 1ಕ್ಕೆ ಹಾಕಿದರು. ತಕ್ಷಣ ಪ್ರಿಂಟರಿನಿಂದ ಮೂರು ಹಾಳೆ ಬಂದವು. ಕಂಪ್ಯೂಟರಿನ ಸರದಿ ಪಟ್ಟಿಯಲ್ಲಿ ಉಳಿದಿದ್ದ ಕೆಲಸ, ದಾರಿ ಸಿಕ್ಕಿದ ಕೂಡಲೇ ಹೊರಗೆ ಬಂದಿತ್ತು. "ಇದು ಯಾರದೋ?" ಅಂದರು ಮಾವ. ನನ್ನ ಎದೆ ಡಬಡಬ ಅಂತು. ಕೊನೆಯ ಹಾಳೆಯಲ್ಲಿ ಆ ಅಣ್ಣ ಸಹಿ ಮಾಡುವ ಜಾಗ ಇತ್ತು.

ಸುಳ್ಳು ಹೇಳೋಣ ಅಂತ ಒಂದು ಗಳಿಗೆ ಅನ್ನಿಸಿತು. ಹೇಳಲಿಲ್ಲ. "ನಾನೇ ಗುಂಡಿ ಒತ್ತಿದೆ ಮಾವ" ಅಂದೆ. ಮಾವ ಬೈಯಲಿಲ್ಲ. "ನಿಂತುಕೊಂಡು ಏನು ನೋಡ್ತೀಯ, ಓಡು!" ಅಂದರು. ನಾನು ಹಾಳೆ ಹಿಡಿದುಕೊಂಡು ಬಸ್ ಸ್ಟಾಪಿನವರೆಗೂ ಓಡಿದೆ. ಪುಣ್ಯಕ್ಕೆ ಬಸ್ಸು ತಡವಾಗಿತ್ತು. ಆ ಅಣ್ಣ ಹಾಳೆ ತಿರುವಿ ನೋಡಿದರು. ನಾಲ್ಕನೆಯದು ನವಿಲು! ಅದನ್ನು ಬಿಡಿಸಿ ನನಗೆ ಕೊಟ್ಟು, "ನಿನ್ನ ನವಿಲು ಇಟ್ಟುಕೊ, ಅದಕ್ಕೆ ಕೆಲಸ ಕೊಡಲ್ಲ ಅವರು" ಅಂದರು. ನನಗೆ ನಗುವೂ ಬಂತು, ಅಳುವೂ ಬಂತು.

ನೆನಪಿಡಿ

* ಪ್ರಿಂಟರ್ ನಿಂತ ಮಾತ್ರಕ್ಕೆ ಕೆಲಸ ಮುಗಿಯಿತು ಎಂದಲ್ಲ. ಕಂಪ್ಯೂಟರಿನ ಸರದಿ ಪಟ್ಟಿ ಖಾಲಿಯಾಗಿದೆಯೇ ನೋಡಬೇಕು.
* ಆಮೇಲೆ ಹಾಳೆ ಎಣಿಸಬೇಕು.
* ಯಾವ ದೀಪ ಹತ್ತಿದೆ ಎಂದು ನೋಡಿ, "ಒತ್ತಲೇ?" ಎಂದು ಕೂಗಿ ಕೇಳಿ, ಆಮೇಲೆ ಗುಂಡಿ ಒತ್ತಬೇಕು.
* ಯು.ಎಸ್.ಬಿ. 2.0 ಕೇಬಲ್ 5 ಮೀಟರಿಗಿಂತ ಉದ್ದ ಇರಬಾರದು.

ಈಗ ವೈಫೈ ಪ್ರಿಂಟರ್ ಬಂದಿವೆ. ಅವಕ್ಕೆ ಈ ಪೆಟ್ಟಿಗೆ ಬೇಡ. ಆದರೆ ಅಲ್ಲಿಯೂ ಒಬ್ಬರ ಹಾಳೆ ಆದ ಮೇಲೆಯೇ ಇನ್ನೊಬ್ಬರದು. ಸರದಿ ತಪ್ಪಿದ್ದಲ್ಲ.

ನವಿಲಿನ ಚಿತ್ರವನ್ನು ಈ ಲೇಖನದ ಕೆಳಗೆ ಅಂಟಿಸಿದ್ದೇನೆ. ಮೂಲೆಯಲ್ಲಿ ಪಿನ್ನಿನ ತೂತು ಈಗಲೂ ಇದೆ, ನೋಡಿ.

ಹೇಳಿ ನೋಡೋಣ: ಒಂದು ಕಂಪ್ಯೂಟರಿಗೆ ಎರಡು ಪ್ರಿಂಟರ್ ಜೋಡಿಸಬೇಕು. ಹಬ್ ತರಬೇಕೋ, ಸ್ವಿಚ್ಚು ತರಬೇಕೋ? ಉತ್ತರ ಮುಂದಿನ ಸಂಚಿಕೆಯಲ್ಲಿ.

— 7ನೇ ತರಗತಿಯ ವಿದ್ಯಾರ್ಥಿ