ಸಿ.ಇ.ಟಿ. ಪರೀಕ್ಷೆಯೂ ಮನೆಯ ಬಿತ್ತನೆ ಬೀಜವೂ



ಬಿತ್ತನೆಗೆ ಮುಂಚೆ ನೀವು ಬೀಜದ ಮೊಳಕೆ ನೋಡುತ್ತೀರಿ. ಚೀಲದಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಕೆಲವು ದಿನಗಳ ಮೇಲೆ ಬಿಚ್ಚಿ ಎಷ್ಟು ಮೊಳೆತಿವೆಯೆಂದು ಲೆಕ್ಕ ಹಾಕುತ್ತೀರಿ. ಎರಡು ಚೀಲಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಅಷ್ಟೇ ನೀರು, ಅಷ್ಟೇ ದಿನ. ಒಂದನ್ನು ಒದ್ದೆ ತಟ್ಟಿನಲ್ಲಿಯೂ ಇನ್ನೊಂದನ್ನು ಒಣಬಟ್ಟೆಯಲ್ಲಿಯೂ ಇಟ್ಟು "ಈ ಬೀಜ ಮೇಲು" ಎಂದರೆ ಯಾರೂ ಒಪ್ಪುವುದಿಲ್ಲ.

ಪಿ.ಯು.ಸಿ. ಮುಗಿಸಿ ಕಾಲೇಜಿಗೆ ಹೋಗಬೇಕೆನ್ನುವ ಮಕ್ಕಳ ವಿಷಯವೂ ಹೀಗೆಯೇ. ಒಬ್ಬನು ರಾಜ್ಯದ ಪರೀಕ್ಷೆ ಬರೆದಿರುತ್ತಾನೆ, ಮತ್ತೊಬ್ಬನು ಸಿ.ಬಿ.ಎಸ್.ಇ. ಒಂದು ಕಡೆ ಅಂಕ ಸಡಿಲ, ಇನ್ನೊಂದು ಕಡೆ ಬಿಗಿ. ಸೀಟುಗಳು ಕಡಿಮೆ, ಕೇಳುವವರು ಹೆಚ್ಚು. ಆದಕಾರಣ ಎಲ್ಲರಿಗೂ ಒಂದೇ ದಿನ, ಒಂದೇ ಮಟ್ಟದ ಪ್ರಶ್ನೆ, ಒಂದೇ ಅವಧಿ ಇಟ್ಟು ಅಳೆಯುವ ಪದ್ಧತಿ ಬಂದಿತು. ನಮ್ಮ ರಾಜ್ಯದಲ್ಲಿ 1994ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿ.ಇ.ಟಿ., ಇದೇ. ಈಗ ಇದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇಂಜಿನಿಯರಿಂಗ್, ಕೃಷಿ, ತೋಟಗಾರಿಕೆ, ಪಶುವೈದ್ಯ ಮೊದಲಾದ ಪದವಿಗಳಿಗೆ ಇದೇ ಬಾಗಿಲು. ಡಾಕ್ಟರ ಓದಿಗೆ ಮಾತ್ರ ನೀಟ್ ಎಂಬ ಬೇರೆ ಪರೀಕ್ಷೆ ಇದೆ.

ಪರೀಕ್ಷೆಯ ರೀತಿ ಕಠಿಣವಾದುದಲ್ಲ, ಆದರೆ ಪಿ.ಯು.ಸಿ.ಯಂತೆ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಪ್ರತಿಯೊಂದರಲ್ಲಿಯೂ 60 ಪ್ರಶ್ನೆ, 60 ಅಂಕ, 80 ನಿಮಿಷ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಅಚ್ಚಾಗಿರುತ್ತವೆ. ಸರಿಯಾದುದನ್ನು ಆರಿಸಿ ಓ.ಎಂ.ಆರ್. ಎಂಬ ಹಾಳೆಯಲ್ಲಿ ಸೊನ್ನೆಯನ್ನು ಪೆನ್ನಿನಿಂದ ತುಂಬಬೇಕು. ತುಂಬಿದ್ದನ್ನು ಅಳಿಸಿ ತಿದ್ದುವಂತಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದ್ದರಿಂದ ಗೊತ್ತಿಲ್ಲದ ಪ್ರಶ್ನೆಯನ್ನು ಖಾಲಿ ಬಿಟ್ಟು ಬರುವುದು ನಾಟಿ ಮಾಡದೆ ಪಾತಿ ಬಿಟ್ಟಂತೆ ಎಂದು ಮಗುವಿಗೆ ತಿಳಿಸಿ. ಒಂದೊಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು ಸಿಗುತ್ತದೆ, ಹೆಚ್ಚು ಸಮಯ ಕೈಯಲ್ಲಿ ಉಳಿಯುವುದಿಲ್ಲ. ಮನೆಯಲ್ಲಿ ಗಡಿಯಾರ ಎದುರಿಟ್ಟು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಅಭ್ಯಾಸ ಇದಕ್ಕೆ ತಕ್ಕ ಮದ್ದು. ಸಾವಿರಾರು ರೂಪಾಯಿ ಕೊಟ್ಟು ಪೇಟೆಯ ತರಬೇತಿಗೆ ಕಳುಹಿಸುವ ಮುನ್ನ ಇಷ್ಟನ್ನು ಮಾಡಿ ನೋಡಿ ಎಂಬುದು ನನ್ನ ಅಭಿಪ್ರಾಯ.

"ಸಿ.ಇ.ಟಿ. ಒಂದಿದ್ದರೆ ಸಾಕು, ಪಿ.ಯು.ಸಿ. ಹೇಗೋ ಪಾಸಾದರಾಯಿತು" ಎಂಬ ಮಾತು ಊರುಗಳಲ್ಲಿ ಕೇಳಿಬರುತ್ತದೆ. ಇದು ತಪ್ಪು. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಾಲು ಪಿ.ಯು.ಸಿ. ಅಂಕ, ಅರ್ಧ ಪಾಲು ಸಿ.ಇ.ಟಿ. ಅಂಕ. ಕೊರೋನಾದಿಂದ ಪಿ.ಯು.ಸಿ. ಪರೀಕ್ಷೆ ನಡೆಯದ 2021ರಲ್ಲಿ ಮಾತ್ರ ಸಿ.ಇ.ಟಿ. ಅಂಕವನ್ನಷ್ಟೇ ನೋಡಿದರು. ಆ ವರ್ಷದ ನೆನಪಿನಿಂದ ಈಗ ಲೆಕ್ಕ ಹಾಕಬೇಡಿ.

ಇನ್ನು ನಮಗೇ ಸೇರಿದ ವಿಷಯ. ಕೃಷಿ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ರೈತರ ಮಕ್ಕಳಿಗೆಂದು ಸೀಟು ಮೀಸಲಿದೆ. ಮೊದಲು ಶೇಕಡಾ 40 ಇದ್ದುದನ್ನು 2021ರಲ್ಲಿ ಶೇಕಡಾ 50ಕ್ಕೆ ಏರಿಸಲಾಯಿತು. ಈ ಸೀಟು ಬೇಕೆನ್ನುವವರು ಸಿ.ಇ.ಟಿ. ಜೊತೆಗೆ 200 ಅಂಕಗಳ ಕೃಷಿ ಪ್ರಾಯೋಗಿಕ ಪರೀಕ್ಷೆಯನ್ನೂ ಕೊಡಬೇಕು. ಬೀಜ, ಗಿಡ, ಗೊಬ್ಬರ, ಸಲಕರಣೆ ಇವುಗಳನ್ನು ಕಂಡು ಗುರುತಿಸುವುದು ಇದರ ತಿರುಳು. ರ‍್ಯಾಂಕಿಗೆ ಪ್ರಾಯೋಗಿಕದ್ದು ಅರ್ಧ ಪಾಲು, ಪಿ.ಯು.ಸಿ. ಕಾಲು ಪಾಲು, ಸಿ.ಇ.ಟಿ. ಕಾಲು ಪಾಲು.

ಒಂದು ಲೆಕ್ಕ ನೋಡೋಣ. ಮೊದಲನೆಯ ಹುಡುಗನಿಗೆ ಪಿ.ಯು.ಸಿ.ಯಲ್ಲಿ ನೂರಕ್ಕೆ 90, ಸಿ.ಇ.ಟಿ.ಯಲ್ಲಿ 60, ಪ್ರಾಯೋಗಿಕದಲ್ಲಿ 50 ಎನ್ನಿ. ಇಪ್ಪತ್ತೆರಡೂವರೆ, ಹದಿನೈದು, ಇಪ್ಪತ್ತೈದು ಸೇರಿ 62.5 ಆಯಿತು. ಎರಡನೆಯ ಹುಡುಗಿಗೆ ಪಿ.ಯು.ಸಿ. 76, ಸಿ.ಇ.ಟಿ. 48, ಆದರೆ ಪ್ರಾಯೋಗಿಕ 84. ಹತ್ತೊಂಬತ್ತು, ಹನ್ನೆರಡು, ನಲವತ್ತೆರಡು ಸೇರಿ 73. ಪುಸ್ತಕದಲ್ಲಿ ಹಿಂದಿದ್ದವಳು ಹೊಲದಿಂದ ಮುಂದೆ ಬಂದಳು.

ಆದರೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತಿದೆ? "ನೀನು ಓದಿಕೋ ಮಗಾ, ಹೊಲದ ಕಡೆ ಬರಬೇಡ" ಎನ್ನುತ್ತೇವೆ. ಹತ್ತನೆಯ ತರಗತಿ ಮುಗಿಯುತ್ತಲೇ ಪೇಟೆಯ ಹಾಸ್ಟೆಲಿಗೆ ಬಿಡುತ್ತೇವೆ. ಪ್ರೀತಿಯಿಂದ ಹೇಳಿದ ಮಾತೇ. ಆದರೆ ಎರಡು ವರ್ಷ ಕೂರಿಗೆ ಹಿಡಿದದ್ದನ್ನು ನೋಡದ ಮಗುವಿನ ಮುಂದೆ ತಟ್ಟೆಯಲ್ಲಿ ನವಣೆ, ಸಾಮೆ, ಹಾರಕ ಇಟ್ಟರೆ ತಬ್ಬಿಬ್ಬಾಗುತ್ತದೆ. ರೈತನ ಮಗು ಎಂಬ ಪ್ರಮಾಣಪತ್ರ ಕೈಯಲ್ಲಿರುತ್ತದೆ, ಉತ್ತರ ಬಾಯಲ್ಲಿರುವುದಿಲ್ಲ. ಪೇಟೆಯಲ್ಲಿ ಇದಕ್ಕೂ ತರಬೇತಿ ಮಾರುವವರಿದ್ದಾರೆ. ನಮ್ಮ ಹಗೇವಿನಲ್ಲಿ ಇದ್ದುದನ್ನು ನಾವೇ ದುಡ್ಡು ಕೊಟ್ಟು ಕೊಳ್ಳುವುದೇ?

ಸಿ.ಇ.ಟಿ.ಯೇ ಮಗುವಿನ ಯೋಗ್ಯತೆಯ ಪೂರ್ತಿ ಅಳತೆ ಎಂದೂ ತಿಳಿಯಬೇಡಿ. ಮೊಳಕೆಯ ಲೆಕ್ಕ ಬೀಜ ಹುಟ್ಟೀತೆಂಬುದನ್ನು ಹೇಳುತ್ತದೆ, ಎಕರೆಗೆ ಎಷ್ಟು ಚೀಲ ಎಂಬುದನ್ನಲ್ಲ. ಅಳೆಯುವವರೂ ತಪ್ಪುವುದುಂಟು: 2024ರಲ್ಲಿ ಪಠ್ಯಕ್ಕೆ ಹೊರತಾದ ಪ್ರಶ್ನೆಗಳು ಬಂದು, ಗಲಾಟೆಯಾಗಿ, ಅವುಗಳನ್ನು ಕೈಬಿಟ್ಟು ಅಂಕ ಲೆಕ್ಕ ಹಾಕಬೇಕಾಯಿತು. ಒಂದು ಸಲ ರ‍್ಯಾಂಕು ಬಾರದ ಮಗುವನ್ನು ಜರೆಯಬೇಡಿ.

ಕಾಗದಪತ್ರಗಳ ಕೆಲಸ ತಂದೆತಾಯಿಯದು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿಯಿದೆ. ಇವಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಇರುವ ಪ್ರಮಾಣಪತ್ರ ಬೇಕು. ಮಗು ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಕಡೆ ಹೋಗಬೇಕು. ಜಾತಿ, ಆದಾಯ ಪತ್ರಗಳಿಗೆ ನಾಡಕಚೇರಿ. ರೈತರ ಮೀಸಲಾತಿಗೆ ಪಹಣಿ ಮತ್ತು ತಹಶೀಲ್ದಾರರ ಪತ್ರ. ಅಜ್ಜನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಮಗು ಪ್ರಥಮ ಪಿ.ಯು.ಸಿ.ಯಲ್ಲಿರುವಾಗಲೇ ಕಂದಾಯ ಕಚೇರಿಯಲ್ಲಿ ವಿಚಾರಿಸಿ. ಪಹಣಿ, ಆಧಾರ್, ಅಂಕಪಟ್ಟಿ ಮೂರರಲ್ಲೂ ತಂದೆಯ ಹೆಸರು ಒಂದೇ ತೆರನಾಗಿರಲಿ. ಕಡೆಯ ವಾರದಲ್ಲಿ ಸರ್ವರ್ ಸಿಗುವುದಿಲ್ಲ, ಸಹಿ ಮಾಡುವವರೂ ಸಿಗುವುದಿಲ್ಲ. ನಿಯಮಗಳು ಬದಲಾಗುವುದುಂಟು, ಆದ್ದರಿಂದ ಪ್ರಾಧಿಕಾರವು ಆಯಾ ವರ್ಷ ಹೊರಡಿಸುವ ಮಾಹಿತಿ ಪುಸ್ತಿಕೆಯನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿ ಕೇಳಿ.

ಪ್ರಥಮ ಪಿ.ಯು.ಸಿ.ಗೆ ಸೇರಿಸುವಾಗ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಇಟ್ಟುಕೊಂಡರೆ ದಾರಿ ಅಗಲವಾಗಿರುತ್ತದೆ. ರಜೆಗೆ ಬಂದಾಗ ಹೊಲಕ್ಕೆ ಕರೆದೊಯ್ಯಿರಿ. ಈ ಬೇಸಿಗೆಯಲ್ಲಿಯೇ ಇಪ್ಪತ್ತು ಸಣ್ಣ ಸೀಸೆಗಳಲ್ಲಿ ಮನೆಯಲ್ಲಿರುವ ಬೀಜಗಳನ್ನೂ ಗೊಬ್ಬರಗಳನ್ನೂ ತುಂಬಿಸಿ, ಹೆಸರನ್ನು ತಳಕ್ಕೆ ಅಂಟಿಸಿ. ಕನ್ನಡದ ಹೆಸರೂ ಇಂಗ್ಲಿಷ್ ಹೆಸರೂ ಎರಡೂ ಇರಲಿ. ತೊಗರಿ ಗೊತ್ತಿದ್ದು ರೆಡ್ ಗ್ರಾಂ ಗೊತ್ತಿಲ್ಲದವರು ಬಹಳ. ಸಂಜೆ ಊಟದ ಮುಂಚೆ ಅಜ್ಜಿ ಒಂದೊಂದೇ ಸೀಸೆ ಎತ್ತಿ ಕೇಳಲಿ.