ಸೊಂಟಪಟ್ಟಿಯಲ್ಲಿ ಬೆಳಕು: ಮನೆಯಲ್ಲೇ ಕಲಿಯುವ ಕೆಲಸ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದೂ ತಾಲ್ಲೂಕುಗಳಲ್ಲಿ ಸೂಜಿ ಹಿಡಿಯಲು ಬಾರದ ತಾಂಡಾ ಹೆಣ್ಣುಮಗಳು ಸಿಗುವುದು ಕಷ್ಟ. ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳ ಕಸೂತಿ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ನಮ್ಮ ಬಯಲಾಟದ ಕಿರೀಟ, ಭುಜಕೀರ್ತಿಗಳಲ್ಲೂ ಕನ್ನಡಿ ಇರುತ್ತದೆ. ಹಿಂದೆ ಪಂಜಿನ ಬೆಳಕು ಆ ಕನ್ನಡಿಗೆ ಬಿದ್ದು ಹೊಳೆಯುತ್ತಿತ್ತು. ಈಗ ಶಾಲೆಯ ಗ್ಯಾದರಿಂಗ್‌ನಲ್ಲಿ, ಜಾತ್ರೆಯ ನಾಟಕದಲ್ಲಿ ಉಡುಪಿನೊಳಗೇ ಲೈಟು ಬೇಕು ಅಂತಾರೆ. ಪೇಟೆಯಿಂದ ತಂದದ್ದು ಒಂದೇ ಕುಣಿತಕ್ಕೆ ಕಿತ್ತುಹೋಗುತ್ತದೆ. ನಾವೇ ಗಟ್ಟಿಯಾಗಿ ಮಾಡಿದರೆ ಹೇಗೆ? ಈ ಪಾಠದಲ್ಲಿ ಕನ್ನಡಿ ಕಸೂತಿಯ ಸೊಂಟಪಟ್ಟಿಗೆ ಐದು ಸಣ್ಣ ಲೈಟು ಕೂರಿಸುವುದನ್ನು ಕಲಿಯೋಣ.

ಕರೆಂಟ್ ಹೊಡೆಯುತ್ತದೆಯೇ?

"ಸಿಸ್ಟರ್, ಮೈಮೇಲೆ ಕರೆಂಟ್ ಹಾಕ್ಕೊಂಡ್ರೆ ಹೊಡಿಯಲ್ಲೇನ್ರೀ?" ಎಂದು ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಮನೆಯ ಗೋಡೆಯ ಕರೆಂಟು 230 ವೋಲ್ಟ್. ಎರಡು ಪೆನ್ಸಿಲ್ ಸೆಲ್ ಸೇರಿದರೆ ಬರೀ 3 ವೋಲ್ಟ್. ಅದು ಶಾಕ್ ಹೊಡೆಯುವುದಿಲ್ಲ. ಆದರೆ ಗೋಡೆಯ ಪ್ಲಗ್ಗಿಗೆ ಹಾಕುವ ಸೀರಿಯಲ್ ಲೈಟನ್ನು ಯಾವ ಕಾರಣಕ್ಕೂ ಬಟ್ಟೆಗೆ ಹೊಲಿಯಬೇಡಿ. ಜೀವಕ್ಕೇ ಅಪಾಯ.

ತಿಳಿಯಬೇಕಾದ ಒಂದು ಮಾತು

ಕರೆಂಟಿಗೆ ಹೋಗುವ ದಾರಿ, ವಾಪಸ್ ಬರುವ ದಾರಿ ಎರಡೂ ಬೇಕು. ಸೆಲ್ಲಿನ ಪ್ಲಸ್‌ನಿಂದ ಹೊರಟು, ಲೈಟಿನ ಮೂಲಕ ಹಾದು, ಮೈನಸ್‌ಗೆ ಮರಳಬೇಕು. ಎಲ್‌ಇಡಿ ಲೈಟಿಗೆ ಎರಡು ಕಾಲುಗಳಿವೆ. ಉದ್ದದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ತಿರುವುಮುರುವು ಹಾಕಿದರೆ ಹತ್ತುವುದಿಲ್ಲ.

ಮೊದಲ ಸಲ ಐದೂ ಬಿಳಿ ಲೈಟೇ ತನ್ನಿ. ಕೆಂಪು ಲೈಟಿಗೆ ಸುಮಾರು 2 ವೋಲ್ಟ್ ಸಾಕು, ಬಿಳಿಗೆ ಸುಮಾರು 3 ಬೇಕು. ಒಂದೇ ತಂತಿಯಲ್ಲಿ ಬೆರೆಸಿದರೆ ಕೆಂಪು ಲೈಟೇ ಕರೆಂಟನ್ನೆಲ್ಲ ಎಳೆದುಕೊಂಡು ಬಿಳಿ ಮಂಕಾಗುತ್ತದೆ. ಬಣ್ಣ ಬೇಕಿದ್ದರೆ ಬಿಳಿ ಲೈಟಿನ ಮೇಲೆ ಬಣ್ಣದ ನೆಟ್ ಬಟ್ಟೆಯ ಹೂ ಹೊಲಿಯಿರಿ.

ಬೇಕಾಗುವ ಸಾಮಾನು

ಬಿಳಿ ಎಲ್‌ಇಡಿ 5, ಪ್ಲಾಸ್ಟಿಕ್ ಹೊದಿಕೆಯ ತೆಳು ತಂತಿ, ಕೆಂಪು ಮತ್ತು ಕಪ್ಪು, ಸ್ವಿಚ್ ಇರುವ, ಸ್ಕ್ರೂ ಮುಚ್ಚಳದ ಎರಡು ಸೆಲ್ಲಿನ ಡಬ್ಬಿ, ಎರಡು ಪೆನ್ಸಿಲ್ ಸೆಲ್, ಇನ್ಸುಲೇಷನ್ ಟೇಪ್, ದಪ್ಪ ಬಟ್ಟೆ, ಅಸ್ತರಿ.

ಮಾಡುವ ಕ್ರಮ

1. ಪಟ್ಟಿಯ ಕಸೂತಿ ಮೊದಲು ಮುಗಿಸಿ. ಲೈಟು ಬರುವ ಐದು ಕಡೆ ಗುರುತು ಹಾಕಿ, ಚಿಕ್ಕ ತೂತು ಮಾಡಿ, ಕಾಜಾದಂತೆ ಸುತ್ತ ಹೊಲಿಯಿರಿ.

2. ಅದೇ ಅಳತೆಗೆ ಮೇಜಿನ ಮೇಲೆ ತಂತಿ ಸಾಲು ಮಾಡಿ. ಎಲ್ಲ ಉದ್ದ ಕಾಲು ಕೆಂಪು ತಂತಿಗೆ, ಎಲ್ಲ ಗಿಡ್ಡ ಕಾಲು ಕಪ್ಪು ತಂತಿಗೆ. ಬರೀ ತಿರುಚಿ ಟೇಪ್ ಸುತ್ತಿದರೆ ಕುಣಿಯುವಾಗ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಬೆಸುಗೆ ಹಾಕಿಸಿ. ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಒಂದು ದಿನ ಕಲಿತರೆ ನಿಮಗೇ ಬರುತ್ತದೆ. ಬೆಸುಗೆಯಲ್ಲಿ ಸೀಸ ಇರಬಹುದು. ಅಡುಗೆಮನೆಯಲ್ಲಿ ಮಾಡಬೇಡಿ, ಕಿಟಕಿ ತೆರೆದಿಡಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

3. ಪ್ರತಿ ಕಾಲಿಗೂ ಬೇರೆ ಬೇರೆ ಟೇಪ್ ಸುತ್ತಿ. ಡಬ್ಬಿಯ ಕೆಂಪು ತಂತಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಿಸಿ, ಹೊಲಿಯುವ ಮೊದಲೇ ಹತ್ತಿಸಿ ನೋಡಿ.

4. ಒಳಗಿನಿಂದ ಲೈಟಿನ ತಲೆಯನ್ನು ತೂತಿಗೆ ತೂರಿಸಿ, ತಂತಿಯನ್ನು ಬಟ್ಟೆಗೆ ಅಲ್ಲಲ್ಲಿ ದಾರದಿಂದ ಬಿಗಿಯಿರಿ. ತುಸು ಸಡಿಲ ಇರಲಿ. ಎಳೆದರೆ ಬೆಸುಗೆ ಬಿಡುತ್ತದೆ.

5. ಒಳಗೆ ಅಸ್ತರಿ ಹೊಲಿದು, ಬೆನ್ನ ಕಡೆ ಡಬ್ಬಿಗೆ ಜೇಬು ಮಾಡಿ. ತೊಳೆಯುವಾಗ ಡಬ್ಬಿ ನೆನೆಸಬೇಡಿ. ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಲಂಬಾಣಿ ಉಡುಪಿಗೆ ನಾಣ್ಯ, ಗೆಜ್ಜೆ, ಲೋಹದ ಬಿಲ್ಲೆ ಇರುತ್ತವಲ್ಲ, ಅವು ಬರಿ ತಂತಿಗೆ ತಾಗಿದರೆ ಸೆಲ್ಲು ಬಿಸಿಯಾಗುತ್ತದೆ. ಅದಕ್ಕೇ ಟೇಪು ಮತ್ತು ಅಸ್ತರಿ. ಹೊರದೇಶದಲ್ಲಿ ಕರೆಂಟು ಹರಿಯುವ ದಾರದಿಂದಲೇ ಕಸೂತಿ ಹಾಕುತ್ತಾರೆ. ಅಮೆರಿಕದ ಲೇಯಾ ಬ್ಯೂಕ್ಲಿ ಎಂಬ ಮಹಿಳೆ ರೂಪಿಸಿದ, ಬಟ್ಟೆಗೆ ಹೊಲಿಯುವ ಲಿಲಿಪ್ಯಾಡ್ ಎಂಬ ಸಾಧನ 2007ರಲ್ಲಿ ಮಾರುಕಟ್ಟೆಗೆ ಬಂತು. ಮೊದಲ ಪಾಠಕ್ಕೆ ಅದು ಬೇಕಿಲ್ಲ.

ಗುಂಡಿ ಸೆಲ್ಲು ಏಕೆ ಬೇಡ?

ಒಂದು ಸಂಘದ ಸಭೆಯಲ್ಲಿ, ಪೇಟೆಯಿಂದ ತಂದ ಲೈಟಿನ ಹೇರ್‌ಕ್ಲಿಪ್ ಎಲ್ಲರ ಕೈ ದಾಟುತ್ತಿತ್ತು. ನಾವು ಮಾತಿನಲ್ಲಿದ್ದಾಗ ಒಂದೂವರೆ ವರ್ಷದ ಮಗು ಅದರ ಗುಂಡಿಯಂಥ ಸೆಲ್ ಕಿತ್ತು ಬಾಯಿಗೆ ಒಯ್ದಿತ್ತು. ಅಜ್ಜಿ ನೋಡಿದ್ದರಿಂದ ಉಳಿಯಿತು. ಆ ದಿನದಿಂದ ನಾನು ಗುಂಡಿ ಸೆಲ್ಲಿನ ಕೆಲಸ ಕಲಿಸುವುದನ್ನೇ ಬಿಟ್ಟೆ.

ನುಂಗಿದ ಗುಂಡಿ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಒಳಗಿನ ಮಾಂಸವನ್ನು ಸುಡಬಲ್ಲದು. ಹಳೇ ಸೆಲ್ಲೂ ಅಪಾಯವೇ. ಮಗು ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸಿ ಇಳಿಯಲಿ ಎಂದು ಕಾಯಬೇಡಿ. ವಾಂತಿ ಮಾಡಿಸಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಿ, "ಸೆಲ್ ನುಂಗಿರಬಹುದು" ಎಂದು ಮೊದಲೇ ಹೇಳಿ. ಎಕ್ಸ್‌ರೇಯಲ್ಲಿ ಅದು ನಾಣ್ಯದ ಹಾಗೆ ಕಾಣಬಹುದು.

ಪೆನ್ಸಿಲ್ ಸೆಲ್ಲು ಮಗುವಿನ ಗಂಟಲಿಗೆ ಸುಲಭಕ್ಕೆ ಇಳಿಯುವುದಿಲ್ಲ, ಸ್ಕ್ರೂ ಮುಚ್ಚಳ ತೆರೆಯಲೂ ಆಗದು. ಹೆಚ್ಚು ಹೊತ್ತು ಬಾಳಿಕೆಯೂ ಬರುತ್ತದೆ. ಮುಗಿದ ಸೆಲ್ಲನ್ನು ಒಲೆಗೆ, ತಿಪ್ಪೆಗೆ ಎಸೆಯಬೇಡಿ. ಮುಚ್ಚಳದ ಡಬ್ಬಿಯಲ್ಲಿ ಕೂಡಿಟ್ಟು, ಹಳೇ ಸೆಲ್ ಸಂಗ್ರಹಿಸುವವರಿಗೆ ಕೊಡಿ.

ಲೆಕ್ಕ ಬರೆಯೋಣ

ಒಂದು ಉದಾಹರಣೆ: ಸಾಮಾನಿಗೆ 90 ರೂಪಾಯಿ, ಮೂರು ತಾಸಿನ ಕೂಲಿ ತಾಸಿಗೆ 50ರಂತೆ 150, ರಿಪೇರಿಗೆ 10, ಒಟ್ಟು 250. ನಿಮ್ಮೂರಿನ ದರ ನೀವೇ ಹಾಕಿಕೊಳ್ಳಿ. ಆದರೆ ಕೂಲಿಯ ಸಾಲನ್ನು ಖಾಲಿ ಬಿಡಬೇಡಿ. "ಮನೇಲೇ ಕೂತು ಮಾಡಿದ್ದು, ಅದಕ್ಕೇನು ಕೂಲಿ" ಅಂತ ನಾವೇ ಅಂದರೆ, ಕೊಳ್ಳುವವರು ಇನ್ನೇನು ಅಂದಾರು? 50 ರೂಪಾಯಿ ಬಾಡಿಗೆಗೆ ಕೊಟ್ಟರೆ ಐದು ಸಲಕ್ಕೆ ಅಸಲು ಬಂತು. ಹೊಸ ಸೆಲ್ಲು ಬಾಡಿಗೆಯವರದು. ಸಾಲ ತೆಗೆಯುವ ಮೊದಲು ಐದೇ ಪಟ್ಟಿ ಮಾಡಿ, ನಿಮ್ಮೂರ ಶಾಲೆಗೆ ತೋರಿಸಿ. ಕೇಳುವವರು ಬಂದ ಮೇಲೆ ಮುಂದಿನ ಮಾತು.

ಸಂಘದಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಕಸೂತಿ, ಟೈಲರಿಂಗ್, ಬೆಸುಗೆ ಯಾರು ಯಾರು ಮಾಡಬಹುದು?
2. ನಮ್ಮ ಮನೆಯ ಆಟಿಕೆ, ಗಡಿಯಾರ, ರಿಮೋಟ್‌ಗಳಲ್ಲಿ ಗುಂಡಿ ಸೆಲ್ ಎಲ್ಲೆಲ್ಲಿದೆ? ಮುಚ್ಚಳ ಭದ್ರವಾಗಿದೆಯೇ?
3. ಮುಂದಿನ ಗ್ಯಾದರಿಂಗ್ ಯಾವ ಶಾಲೆಯಲ್ಲಿ? ಯಾರು ಹೋಗಿ ಮಾತನಾಡುತ್ತೀರಿ?

ಎರಡನೇ ಪ್ರಶ್ನೆಗೆ ಇವತ್ತೇ ಮನೆಗೆ ಹೋಗಿ ಹುಡುಕಿ. ಉಳಿದದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.